ನಾಯಿಮರಿ ಬೇಡ ಅಂದ ಮೇಲೆ ಮುಂಗಡ ಯಾರದ್ದು?

ಭಾನುವಾರ ಬೆಳಗ್ಗೆ ಇಷ್ಟು ಜನ ಬರ್ತೀರಿ ಅಂತ ನಾನು ಅಂದುಕೊಂಡಿರಲಿಲ್ಲ. ಹಿಂಜವಡಿ, ವಾಕಡ್ ಕಡೆಯಿಂದ ಬಂದವರಿದ್ದೀರಿ, ಮುಂಬೈಯಿಂದ ಇಬ್ಬರು ಬಂದಿದ್ದಾರೆ, ಹೈದರಾಬಾದ್, ಚೆನ್ನೈನಿಂದ ಆನ್‌ಲೈನ್‌ನಲ್ಲಿ ಸೇರಿರೋರೂ ಇದ್ದಾರೆ. ಈ ವೇದಿಕೆಯಲ್ಲಿ ಸಾಮಾನ್ಯವಾಗಿ ಮ್ಯೂಚುಯಲ್ ಫಂಡ್, ಮನೆ ಸಾಲ, ಮಕ್ಕಳಿಗೆ ಕನ್ನಡ ಕಲಿಸೋದು ಹೇಗೆ ಅನ್ನೋ ಮಾತು ಆಗ್ತವೆ. ನಾನು ಇವತ್ತು ಹೇಳೋದು 12 ಸಾವಿರ ರೂಪಾಯಿ ವಿಷಯ. ಒಂದು ನಾಯಿಮರಿ ವಿಷಯ.

ನಾನು ವಕೀಲ ಅಲ್ಲ, ಪಶುವೈದ್ಯನೂ ಅಲ್ಲ. ಎಂಟೆಕ್ ಮಾಡಿ ಹತ್ತು ವರ್ಷದಿಂದ ಕೋಡ್ ಬರೀತಾ ಕೂತಿರೋ ಮನುಷ್ಯ. ಆದರೆ ಒಂದು ತಿಂಗಳು ಈ ಜಗಳದಲ್ಲಿ ಒದ್ದಾಡಿ, ಕಾನೂನು ಓದಿ, ತಪ್ಪು ಮಾಡಿ ಕಲಿತದ್ದನ್ನ ಹೇಳ್ತೀನಿ. ನಮ್ಮಲ್ಲಿ ತುಂಬಾ ಜನ ಊರು ಬಿಟ್ಟು ಬಂದು ಫ್ಲಾಟ್‌ನಲ್ಲಿ ಇರೋರು. ಮಗುವಿಗೆ ಜೊತೆಗೆ ಯಾರೂ ಇಲ್ಲ, ಅಜ್ಜ ಅಜ್ಜಿ ಊರಲ್ಲಿ. ಅದಕ್ಕೇ ಒಂದು ನಾಯಿ ತರೋಣ ಅನ್ನೋ ಯೋಚನೆ ಬರುತ್ತೆ. ನಮಗೂ ಹಾಗೇ ಬಂತು.

ನಮ್ಮದು ಹುಬ್ಬಳ್ಳಿ. ನಾಯಿಮರಿಗೆ ಅಡ್ವಾನ್ಸ್ ಕೊಟ್ಟೆ ಅಂತ ಅವ್ವನಿಗೆ ಫೋನ್‌ನಲ್ಲಿ ಹೇಳಿದಾಗ ಆಕೆ ಕೇಳಿದ್ದು, "ನಾಯಿ ತರಾಕ ಅಡ್ವಾನ್ಸ್ ಯಾಕೋ? ನಮ್ಮೂರಾಗ ಸುಮ್ನ ಕೊಡ್ತಾರಲ್ಲೋ." ನಮ್ಮಜ್ಜಿ ಯಾರ ಮನೆಯಿಂದಾದರೂ ಮರಿ ತಂದರೆ ಒಂದು ಸೇರು ಜೋಳ ಕೊಟ್ಟು ಬರ್ತಿದ್ದಳಂತೆ. ಅಲ್ಲಿ ಕರಾರಿಲ್ಲ, ಕ್ಯಾನ್ಸಲೇಶನ್ ಇಲ್ಲ. ಕೊಟ್ಟವರೂ ತಗೊಂಡವರೂ ದಿನಾ ಒಬ್ಬರ ಮುಖ ಒಬ್ಬರು ನೋಡೋರು. ನಮಗೆ ಇಲ್ಲಿ ಆ ಸೌಲಭ್ಯ ಇಲ್ಲ. ಮಾರುವವನು ಯಾರು ಅಂತ ನಮಗೆ ಗೊತ್ತಿಲ್ಲ, ನಾವು ಯಾರು ಅಂತ ಅವನಿಗೆ ಗೊತ್ತಿಲ್ಲ. ಮಧ್ಯದಲ್ಲಿ ಒಂದು ವಾಟ್ಸ್ಆ್ಯಪ್ ನಂಬರ್, ಒಂದು ಯುಪಿಐ ಐಡಿ, ಅಷ್ಟೇ.

ನಡೆದದ್ದು ಇಷ್ಟು. ಪುಣೆಯಿಂದ ಒಂದೂವರೆ ಗಂಟೆ ದಾರಿಯಲ್ಲಿರೋ ಒಬ್ಬ ಬ್ರೀಡರ್ ಹತ್ತಿರ ಬೀಗಲ್ ಮರಿಗಳು ಹುಟ್ಟಿದ್ವು. ಅವರ ಹೆಸರು ಬೇಡ, ಅವರನ್ನ ಬೈಯೋಕೆ ನಾನಿಲ್ಲಿ ಬಂದಿಲ್ಲ. ಮರಿಗೆ 18 ದಿನ ಆದಾಗ ವಿಡಿಯೊ ಕಳಿಸಿದರು. ನನ್ನ ಮಗಳು, ಆರು ವರ್ಷದವಳು, ಎಡಗಿವಿ ಕಂದು, ಬಲಗಿವಿ ತುದಿ ಕಪ್ಪು ಇದ್ದ ಮರಿ ತೋರಿಸಿ "ಇದು ಲಾಡು" ಅಂದಳು. ಆ ಕ್ಷಣಕ್ಕೆ ವ್ಯಾಪಾರ ಮುಗಿದಹಾಗೇ. ಹೆಸರಿಟ್ಟ ಮೇಲೆ ಚೌಕಾಸಿ ಆಗಲ್ಲ. ಬೆಲೆ 36 ಸಾವಿರ, ಬುಕಿಂಗ್‌ಗೆ 12 ಸಾವಿರ. ಕಳಿಸಿದೆ. "ಬುಕಿಂಗ್ ಕನ್ಫರ್ಮ್ ಸರ್" ಅಂತ ಮೆಸೇಜ್ ಬಂತು, ಪಕ್ಕದಲ್ಲಿ ಒಂದು ಪಂಜದ ಚಿತ್ರ. ನಮ್ಮ ಇಡೀ ಕರಾರು ಅಷ್ಟೇ. ಮರಿ ಯಾವತ್ತು ಕೊಡ್ತೀರಿ, ನಾನು ಬೇಡ ಅಂದರೆ ಏನು, ನೀವು ಬೇರೆಯವರಿಗೆ ಕೊಟ್ಟರೆ ಏನು, ಒಂದನ್ನೂ ಕೇಳಲಿಲ್ಲ. ಆಫೀಸಿನಲ್ಲಿ ಎರಡು ಸಾಲಿನ ಬದಲಾವಣೆಗೂ ರಿವ್ಯೂ ಕೇಳೋ ನಾನು ಇಲ್ಲಿ ರಿವ್ಯೂ ಇಲ್ಲದೆ ಮರ್ಜ್ ಮಾಡಿದೆ.

ಮರಿಗೆ 33 ದಿನ ಆದಾಗ ಬ್ರೀಡರ್ ಫೋನ್ ಮಾಡಿ, "ನಾಳೆ ಭಾನುವಾರ ಬಂದು ತಗೊಂಡು ಹೋಗಿ, ಮರಿ ರೆಡಿ" ಅಂದರು. ಹೋದ್ವಿ. ತಗಡಿನ ಶೆಡ್, ಸಾಲಾಗಿ ಪಂಜರ. ತೀರಾ ಕೊಳಕು ಅಂತಲೂ ಹೇಳಲಾರೆ, ನೀರು ಹಾಕಿ ತೊಳೆದಿದ್ದರು. ಆದರೆ ಮರಿಗಳ ತಾಯಿ ಮೂಲೆಯಲ್ಲಿ ಮಲಗಿತ್ತು, ಪಕ್ಕೆಲುಬು ಎಣಿಸಬಹುದಿತ್ತು. ನಾವು ಹತ್ತಿರ ಹೋದರೂ ತಲೆ ಎತ್ತಲಿಲ್ಲ. ಮಗಳು ಕೇಳಿದಳು, "ಲಾಡು ನಮ್ಮ ಜೊತೆ ಬಂದ್ರೆ ಇದಕ್ಕೆ ಬೇಜಾರಾಗಲ್ವಾ?"

ನಾನು ಹಿಂದಿನ ರಾತ್ರಿಯಷ್ಟೇ ಸ್ವಲ್ಪ ಓದಿದ್ದೆ. 2017ರಲ್ಲಿ ಕೇಂದ್ರ ಸರ್ಕಾರ ನಾಯಿ ತಳಿ ಬೆಳೆಸೋದು, ಮಾರೋದಕ್ಕೆ ನಿಯಮ ಮಾಡಿದೆ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ, ಅಂದರೆ 1960ರ ಕಾಯ್ದೆಯ ಕೆಳಗೆ ಬರೋ ನಿಯಮ ಅದು. ಅದರ ಪ್ರಕಾರ ಬ್ರೀಡರ್ ಆದವನು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು, ಮಾರೋ ಮರಿಗೆ ಮೈಕ್ರೋಚಿಪ್ ಇರಬೇಕು, ಲೆಕ್ಕಪತ್ರ ಇಡಬೇಕು. ಎಂಟು ವಾರ ತುಂಬದ ಮರಿಯನ್ನ ಮಾರುವಂತಿಲ್ಲ. ಎಂಟು ವಾರ ಅಂದರೆ 56 ದಿನ. ನಮ್ಮ ಲಾಡುಗೆ 34.

ಈ ಎಂಟು ವಾರ ಅನ್ನೋದು ಸುಮ್ಮನೆ ಕಾಗದದ ಮೇಲಿನ ಸಂಖ್ಯೆ ಅಲ್ಲ. ಮೂರು ನಾಲ್ಕು ವಾರಕ್ಕೆ ಮರಿ ಗಟ್ಟಿ ಆಹಾರ ತಿನ್ನೋಕೆ ಶುರು ಮಾಡುತ್ತೆ. ಆಮೇಲಿನ ವಾರಗಳಲ್ಲಿ ತಾಯಿ, ಒಡಹುಟ್ಟಿದ ಮರಿಗಳ ಜೊತೆ ಆಡ್ತಾ ಕಚ್ಚಾಡ್ತಾ, ಎಷ್ಟು ಗಟ್ಟಿ ಕಚ್ಚಿದರೆ ಇನ್ನೊಬ್ಬರಿಗೆ ನೋವಾಗುತ್ತೆ ಅನ್ನೋದು ಕಲಿಯುತ್ತೆ. ಬೇಗ ಬೇರೆ ಮಾಡಿದರೆ ಆ ಪಾಠ ನಮ್ಮ ಮಕ್ಕಳ ಕೈ ಮೇಲೆ ಆಗುತ್ತೆ. ಇನ್ನೊಂದು, ಲಸಿಕೆ. ಮೊದಲ ಲಸಿಕೆ ಸಾಮಾನ್ಯವಾಗಿ ಆರರಿಂದ ಎಂಟು ವಾರಕ್ಕೆ, ಆಮೇಲೆ ಮೂರ್ನಾಲ್ಕು ವಾರಕ್ಕೊಮ್ಮೆ, ಸುಮಾರು ಹದಿನಾರು ವಾರದವರೆಗೆ. ಅಷ್ಟರ ತನಕ ಪಾರ್ವೊ ವೈರಸ್ ಭಯ ಇರುತ್ತೆ. ಆ ರೋಗ ಸೋಂಕು ತಗುಲಿ ಕೆಲವು ದಿನ ಆದ ಮೇಲೆ ಕಾಣಿಸಿಕೊಳ್ಳೋದು. ಅಂದರೆ ಮರಿ ಮನೆಗೆ ಬಂದು ನಾಲ್ಕನೇ ದಿನ ರಕ್ತಭೇದಿ ಶುರುವಾದರೆ, ಬ್ರೀಡರ್ "ನಿಮ್ಮ ಮನೇಲಿ ಬಂದಿದ್ದು" ಅಂತಾನೆ, ನೀವು "ನಿಮ್ಮ ಶೆಡ್ಡಿನಿಂದ ಬಂದಿದ್ದು" ಅಂತೀರಿ. ಜಗಳಕ್ಕೆ ಅಂತ್ಯ ಇರಲ್ಲ, ಮರಿ ಇರಲ್ಲ.

ನಾನು ಕೇಳಿದೆ, "ಎಂಟು ವಾರ ತುಂಬೋ ತನಕ ಇಲ್ಲೇ ಇಟ್ಕೊಳ್ಳಿ." ಅವರು ಹೇಳಿದರು, "ಇಟ್ಕೋತೀನಿ, ದಿನಕ್ಕೆ 300 ರೂಪಾಯಿ ಆಗುತ್ತೆ." 22 ದಿನಕ್ಕೆ 6,600. "ನಿಯಮದ ಪ್ರಕಾರ ಅಲ್ಲಿ ತನಕ ಇಟ್ಕೋಬೇಕಾದ್ದು ನೀವೇ ಅಲ್ವಾ" ಅಂದೆ. "ಎಲ್ಲರೂ 35 ದಿನಕ್ಕೇ ತಗೊಂಡು ಹೋಗ್ತಾರೆ ಸರ್, ನೀವು ಒಬ್ಬರೇ ನಿಯಮ ಹೇಳ್ತಿರೋದು" ಅಂದರು. ಮಾತಿಗೆ ಮಾತು ಬೆಳೀತು. "ಹಾಗಾದ್ರೆ ಕ್ಯಾನ್ಸಲ್, ನನ್ನ ದುಡ್ಡು ವಾಪಸ್ ಕೊಡಿ" ಅಂದೆ. "ಬುಕಿಂಗ್ ವಾಪಸ್ ಇಲ್ಲ, ನನ್ನ ಸ್ಟೇಟಸ್‌ನಲ್ಲಿ ಯಾವಾಗಲೂ ಹಾಕಿರ್ತೀನಿ" ಅಂದರು. ಅವರ ಸ್ಟೇಟಸ್ ನಾನು ಯಾವತ್ತೂ ನೋಡಿದವನಲ್ಲ. ನಾನು ತಿರುಗಿ ಹೊರಟಾಗ ಹಿಂದಿನಿಂದ ಒಂದು ಮಾತು ಹೇಳಿದರು, "ಸರ್, ನಿಮಗೆ ಮೊದಲೇ ಮರಿ ಬೇಡ ಆಗಿತ್ತು. ಈಗ ನಿಯಮ ಸಿಕ್ತು."

ಆ ಮಾತು ನನಗೆ ಯಾಕೆ ಅಷ್ಟು ಚುಚ್ಚಿತು ಅಂದರೆ, ಅದು ಅರ್ಧ ನಿಜ. ನಾವಿರೋದು ಬಾಡಿಗೆ ಮನೆ. ಓನರ್‌ಗೆ ನಾಯಿ ವಿಷಯ ನಾನು ಹೇಳೇ ಇರಲಿಲ್ಲ. ಹಿಂದಿನ ದಿನ ಧೈರ್ಯ ಮಾಡಿ ಕೇಳಿದರೆ, "ಅಗ್ರಿಮೆಂಟ್ ಒಂದ್ಸಲ ಓದಿ" ಅಂತ ಫೋನ್ ಇಟ್ಟರು. ಓದಿದರೆ ಸಾಕುಪ್ರಾಣಿ ಇಡುವಂತಿಲ್ಲ ಅಂತ ಒಂದು ಸಾಲು ಇದೆ. ಅಪಾರ್ಟ್‌ಮೆಂಟ್ ಸಂಘದವರು ಸಾಕುಪ್ರಾಣಿ ನಿಷೇಧ ಮಾಡುವಂತಿಲ್ಲ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಸುತ್ತೋಲೆ ಹೊರಡಿಸಿದೆ, ನಿಜ. ಆದರೆ ಓನರ್ ಜೊತೆ ನಾನೇ ಸಹಿ ಹಾಕಿದ ಕರಾರು ಬೇರೆ ವಿಷಯ. ಹಾಗಾಗಿ ಆ ಭಾನುವಾರ ನಾನು ಶೆಡ್ಡಿಗೆ ಹೋದಾಗಲೇ ಮನಸ್ಸಿನ ಮೂಲೆಯಲ್ಲಿ, ಹೇಗಾದರೂ ಇದು ತಪ್ಪಿಹೋದರೆ ಸಾಕು ಅಂತ ಇತ್ತು. ಬ್ರೀಡರ್ ನಿಯಮ ಮುರಿದಿದ್ದೂ ಸತ್ಯ. ನಾನು ಜಾರಿಕೊಳ್ಳೋಕೆ ದಾರಿ ಹುಡುಕ್ತಿದ್ದದ್ದೂ ಸತ್ಯ. ಈ ಎರಡನ್ನೂ ಒಟ್ಟಿಗೆ ಹೇಳದೆ ಇದ್ದರೆ ಇವತ್ತಿನ ಮಾತು ಸುಳ್ಳಾಗುತ್ತೆ.

ಮನೆಗೆ ಬಂದು ರಾತ್ರಿ ಹನ್ನೊಂದಕ್ಕೆ ನಾನು ಮಾಡಿದ್ದು ಮೊದಲನೇ ದೊಡ್ಡ ತಪ್ಪು. ಒಂದು ಉದ್ದ ಮೆಸೇಜ್ ಬರೆದೆ. 24 ಗಂಟೆಯಲ್ಲಿ ಹಣ ಬರದಿದ್ದರೆ ಪೊಲೀಸರಿಗೆ ಹೇಳ್ತೀನಿ, ಪ್ರಾಣಿ ಕಲ್ಯಾಣ ಮಂಡಳಿಗೆ ದೂರು ಕೊಡ್ತೀನಿ, ಎಲ್ಲಾ ಕಡೆ ಕೆಟ್ಟ ರಿವ್ಯೂ ಹಾಕ್ತೀನಿ ಅಂತ. ಬೆಳಗ್ಗೆ ಎದ್ದು ನೋಡಿದರೆ ನನ್ನನ್ನ ಬ್ಲಾಕ್ ಮಾಡಿದ್ದರು. ಒಂಬತ್ತು ದಿನ ಏನೂ ಇಲ್ಲ. ಮಗಳು ದಿನಾ "ಲಾಡು ಯಾವಾಗ ಬರುತ್ತೆ" ಅಂತ ಕೇಳೋಳು, ನಾನು ದಿನಾ ಬೇರೆ ಬೇರೆ ಸುಳ್ಳು ಹೇಳೋನು.

ಆಫೀಸಿನಲ್ಲಿ ನಮ್ಮ ಧಾರವಾಡದವರೇ ಒಬ್ಬರು ಹಿರಿಯರಿದ್ದಾರೆ, ಮೊದಲು ಒಂದು ಕಂಪನಿಯ ಕರಾರು ವಿಭಾಗದಲ್ಲಿ ಕೆಲಸ ಮಾಡಿದವರು. ಮೆಸೇಜ್ ತೋರಿಸಿದೆ. ಓದಿ ಕನ್ನಡಕ ತೆಗೆದು ಹೇಳಿದರು, "ನೀ ಕೊಟ್ಟದ್ದು ಮುಂಗಡನೋ ಸಂಚಕಾರನೋ? ಮೊದ್ಲ ಅದನ್ನ ಹೇಳು." ಸಂಚಕಾರ ಅನ್ನೋ ಪದ ನಾನು ಕೇಳಿದ್ದು ಊರಲ್ಲಿ ಹೊಲ, ಮನೆ ಮಾರೋವಾಗ. ಮಾತು ಖಚಿತ ಅನ್ನೋದಕ್ಕೆ ಕೊಡೋ ಹಣ ಅದು. ತಪ್ಪಿದರೆ ಹೋಗುತ್ತೆ ಅಂತ ಇಬ್ಬರಿಗೂ ಗೊತ್ತಿರುತ್ತೆ. ಮುಂಗಡ ಅಂದರೆ ಬೆಲೆಯ ಒಂದು ಭಾಗವನ್ನ ಮೊದಲೇ ಕೊಡೋದು, ಅಷ್ಟೇ. ಕನ್ನಡದಲ್ಲಿ ಎರಡಕ್ಕೂ ಬೇರೆ ಪದ ಇದೆ. ನಾವು ಎರಡನ್ನೂ "ಬುಕಿಂಗ್" ಅಂತ ಕರೆದು ಗೊಂದಲ ಮಾಡ್ಕೊಂಡಿದ್ದೀವಿ.

ಈ ವ್ಯತ್ಯಾಸ ಕಾನೂನಿನಲ್ಲೂ ಇದೆ. ಸತೀಶ್ ಬಾತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದ್ದು. ಸಂಚಕಾರದ ಹಣವನ್ನ, ಕರಾರಿನಲ್ಲಿ ಸ್ಪಷ್ಟವಾಗಿ ಹೇಳಿದ್ದರೆ, ಮುಟ್ಟುಗೋಲು ಹಾಕಿಕೊಳ್ಳಬಹುದು, ಬೆಲೆಯ ಭಾಗವಾಗಿ ಕೊಟ್ಟ ಬರೀ ಮುಂಗಡವನ್ನ ಹಾಗೆ ಇಟ್ಟುಕೊಳ್ಳುವಂತಿಲ್ಲ. ಇದರ ಜೊತೆಗೆ 1872ರ ಕರಾರು ಕಾಯ್ದೆಯ 74ನೇ ಕಲಮು ಇದೆ. ಕರಾರು ಮುರಿದರೆ ಇಷ್ಟು ಹಣ ಅಂತ ಬರೆದಿದ್ದರೂ, ನೊಂದವನಿಗೆ ಸಿಗೋದು ಆ ಮಿತಿಯೊಳಗಿನ ನ್ಯಾಯವಾದ ಪರಿಹಾರ ಮಾತ್ರ.

ಇದಕ್ಕೆ ಒಳ್ಳೇ ಉದಾಹರಣೆ 2015ರ ಕೈಲಾಶ್‌ನಾಥ್ ಪ್ರಕರಣ. ದೆಹಲಿ ಅಭಿವೃದ್ಧಿ ಪ್ರಾಧಿಕಾರ ಒಂದು ಸೈಟ್ ಹರಾಜು ಹಾಕಿತ್ತು. ಬಿಡ್ ಗೆದ್ದವರು 78 ಲಕ್ಷ ಸಂಚಕಾರ ಕಟ್ಟಿದ್ದರು. ವ್ಯವಹಾರ ಮುರಿದುಬಿತ್ತು, ಪ್ರಾಧಿಕಾರ ಆ ಹಣ ಮುಟ್ಟುಗೋಲು ಹಾಕ್ಕೊಂಡಿತು. ಆದರೆ ಅದೇ ಸೈಟ್ ಮರುಹರಾಜಿನಲ್ಲಿ ಮೊದಲಿಗಿಂತ ಬಹಳ ಹೆಚ್ಚು ಬೆಲೆಗೆ ಹೋಗಿತ್ತು. ಪ್ರಾಧಿಕಾರಕ್ಕೆ ನಷ್ಟವೇ ಆಗಿಲ್ಲ, ನಷ್ಟ ಇಲ್ಲದೆ ಪರಿಹಾರ ಇಲ್ಲ, 78 ಲಕ್ಷ ವಾಪಸ್ ಕೊಡಿ ಅಂತ ಸುಪ್ರೀಂ ಕೋರ್ಟ್ ಹೇಳಿತು. ಸೈಟ್ ಎಲ್ಲಿ, ಬೀಗಲ್ ಮರಿ ಎಲ್ಲಿ ಅಂತ ನಗಬೇಡಿ. ಪ್ರಶ್ನೆ ಒಂದೇ. ನಾನು ಬೇಡ ಅಂದಿದ್ದರಿಂದ ನಿನಗೆ ನಿಜವಾಗಿ ಎಷ್ಟು ನಷ್ಟ ಆಯ್ತು?

ಹಿರಿಯರು ಹೇಳಿದರು, ಬೈದು ಬರೀಬೇಡ, ಒಂದು ಪುಟದ ಪತ್ರ ಬರಿ, ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸು, ಉತ್ತರಕ್ಕೆ 15 ದಿನ ಕೊಡು. ಪತ್ರದಲ್ಲಿ ವಿಶೇಷಣ ಇರಬಾರದು. ಯಾವ ದಿನ ಎಷ್ಟು ಹಣ, ಯಾವ ಮೆಸೇಜ್, ಯಾವ ದಿನ ಭೇಟಿ, ಮರಿಗೆ ಎಷ್ಟು ದಿನ, ನೀವು ಏನಂದಿರಿ, ನಾನು ಏನಂದೆ, ನಾನು ಕೇಳ್ತಿರೋದು ಎಷ್ಟು. ನಮ್ಮ ಭಾಷೇಲಿ ಹೇಳೋದಾದರೆ ಬಗ್ ರಿಪೋರ್ಟ್. ನಿರೀಕ್ಷೆ ಏನಿತ್ತು, ನಡೆದದ್ದೇನು. "ಮೋಸಗಾರ" ಅಂತ ಬರೆದರೆ ಬಗ್ ಸರಿಹೋಗಲ್ಲ.

ಆ ಪತ್ರ ಬರೆಯೋಕೆ ಕೂತಾಗ ನನಗೆ ಎರಡು ವಿಷಯ ಕಂಡವು. ಮೊದಲನೇದು, 16 ದಿನ ಅವರು ಆ ಮರಿಯನ್ನ ನನ್ನ ಹೆಸರಲ್ಲಿ ಇಟ್ಟಿದ್ದರು. ಆ ಸಮಯದಲ್ಲಿ ಬೇರೆಯವರು ಕೇಳಿದ್ದರೆ ಇಲ್ಲ ಅಂದಿರ್ತಾರೆ. ಮರಿ ಮೊಬೈಲ್ ಫೋನ್ ಅಲ್ಲ, ಶೆಲ್ಫ್‌ನಲ್ಲಿ ಹಾಗೇ ಕೂತಿರಲ್ಲ. ದಿನಾ ತಿನ್ನುತ್ತೆ, ದಿನಾ ದೊಡ್ಡದಾಗುತ್ತೆ, ಮೂರು ತಿಂಗಳು ದಾಟಿದರೆ ಕೇಳೋರು ಕಡಿಮೆ. ಅವರಿಗೂ ಒಂದು ಲೆಕ್ಕ ಇದೆ. ಎರಡನೇದು ಇನ್ನೂ ಕಷ್ಟದ್ದು. ನನ್ನ ಹಳೇ ಮೆಸೇಜ್ ಮತ್ತೆ ಓದಿದೆ. "ಹಣ ಕೊಡದಿದ್ದರೆ ಪ್ರಾಣಿ ಕಲ್ಯಾಣ ಮಂಡಳಿಗೆ ದೂರು." ಹಾಗಾದರೆ ಹಣ ಕೊಟ್ಟರೆ? ದೂರಿಲ್ಲ. ಅಂದರೆ ಆ ತಾಯಿನಾಯಿಯ ಪಕ್ಕೆಲುಬನ್ನ ನಾನು 12 ಸಾವಿರಕ್ಕೆ ಚೌಕಾಸಿಗಿಟ್ಟಿದ್ದೆ. ಶೆಡ್ಡಿನಲ್ಲಿ ಕಂಡದ್ದು ನನಗೆ ನಿಜವಾಗಿ ನೋವು ಕೊಟ್ಟಿದ್ದರೆ ಅದಕ್ಕೂ ನನ್ನ ರಿಫಂಡ್‌ಗೂ ಏನು ಸಂಬಂಧ?

ಇವತ್ತಿನ ಮಾತಿನಲ್ಲಿ ಒಂದೇ ಒಂದು ವಿಷಯ ನೆನಪಿಟ್ಕೊಳ್ಳೋದಾದರೆ ಇದನ್ನ ಇಟ್ಕೊಳ್ಳಿ. ಹಣದ ಜಗಳ ಬೇರೆ, ಪ್ರಾಣಿಯ ವಿಷಯ ಬೇರೆ. ಎರಡನ್ನೂ ಒಂದೇ ಮೆಸೇಜ್‌ನಲ್ಲಿ ಹಾಕಬೇಡಿ. ಹಾಕಿದರೆ ಎರಡೂ ಕೆಡ್ತವೆ. ನಿಮ್ಮ ನ್ಯಾಯವಾದ ಬೇಡಿಕೆ ಬೆದರಿಕೆ ಥರ ಕಾಣುತ್ತೆ, ನಿಮ್ಮ ಕಾಳಜಿ ವ್ಯಾಪಾರದ ಥರ ಕಾಣುತ್ತೆ.

ಪತ್ರ ಕಳಿಸಿದೆ. ಬರೀ ಹಣದ ವಿಷಯ. ನಾಲ್ಕನೇ ದಿನ ನನ್ನ ಹೆಂಡತಿ ಫೋನಿನಿಂದ ಅವರಿಗೆ ಕರೆ ಮಾಡಿದೆ. ಮೊದಲು ಹೇಳಿದ್ದು, "ಆ ರಾತ್ರಿ ಮೆಸೇಜ್ ಹಾಗೆ ಬರೀಬಾರದಿತ್ತು, ತಪ್ಪಾಯ್ತು." ಆ ಕಡೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅವರ ಕಡೆಯ ಕಥೆ ಬಂತು. ನನ್ನ ಬುಕಿಂಗ್ ಇದ್ದಾಗ ಇಬ್ಬರು ಅದೇ ಮರಿ ಕೇಳಿದ್ದರಂತೆ. ಹಿಂದಿನ ಸಲ ಮೂರು ಜನ ಬುಕ್ ಮಾಡಿ ಕೈಕೊಟ್ಟು, ಎರಡು ಮರಿ ನಾಲ್ಕು ತಿಂಗಳು ಉಳಿದು, ಕೊನೆಗೆ ಕೇಳಿದ ಬೆಲೆಗೆ ಕೊಟ್ಟಿದ್ದರಂತೆ. "ನಾನೇನು ಶ್ರೀಮಂತ ಅಲ್ಲ ಸರ್" ಅಂದರು. ಕೊನೆಗೆ 3 ಸಾವಿರ ಅವರು ಇಟ್ಟುಕೊಳ್ಳೋದು, 9 ಸಾವಿರ ವಾಪಸ್ ಅಂತ ಆಯ್ತು. ಅದೇ ಸಂಜೆ ಹಣ ಬಂತು. "ಪೂರ್ತಿ ಇತ್ಯರ್ಥ" ಅಂತ ಇಬ್ಬರೂ ಮೆಸೇಜ್‌ನಲ್ಲಿ ಬರೆದುಕೊಂಡ್ವಿ. ಅದು ಮುಖ್ಯ. ಬಾಯಿಮಾತಿನ ರಾಜಿ ಆರು ತಿಂಗಳಿಗೆ ಮತ್ತೆ ಜಗಳ ಆಗುತ್ತೆ.

ಫೋನ್ ಇಡೋ ಮುಂಚೆ ಕೇಳಿದೆ, "ಆ ಮರಿ ಏನಾಯ್ತು?" "ಮರುದಿನಾನೇ ಹೋಯ್ತು ಸರ್, ಪೂರ್ತಿ ರೇಟಿಗೆ."

ಅಂದರೆ ಕಾನೂನಿನ ಲೆಕ್ಕದಲ್ಲಿ ಅವರಿಗೆ ನಷ್ಟ ಇರಲಿಲ್ಲ, ನಾನು 12 ಸಾವಿರಕ್ಕೂ ಪಟ್ಟು ಹಿಡೀಬಹುದಿತ್ತು. ಹಿಡೀಲಿಲ್ಲ. 3 ಸಾವಿರ ನನ್ನ ಅವಸರಕ್ಕೆ, ಓನರ್‌ಗೆ ಕೇಳದೆ ಬುಕ್ ಮಾಡಿದ್ದಕ್ಕೆ ಅಂದುಕೊಂಡೆ. ನೀವು ನನ್ನ ಜಾಗದಲ್ಲಿದ್ದರೆ ಬೇರೆ ಥರ ಮಾಡಬಹುದು, ಅದೂ ತಪ್ಪಲ್ಲ. ಆದರೆ ನನಗೆ ಕೂತುಬಿಟ್ಟದ್ದು ಇನ್ನೊಂದು ಲೆಕ್ಕ. ಮರುದಿನ ಅಂದರೆ ಮರಿಗೆ 35 ದಿನ. ನಾನು ನಿಯಮ ಹೇಳಿ, ಜಗಳ ಮಾಡಿ, ಹಣ ವಾಪಸ್ ತಗೊಂಡೆ. ಲಾಡುಗೆ ಇದರಿಂದ ಸಿಕ್ಕಿದ್ದು ತಾಯಿ ಜೊತೆ ಒಂದೇ ಒಂದು ದಿನ.

ದೂರು ಕೊಟ್ಟೆನಾ? ಕೊಟ್ಟೆ. ಹಣ ಬಂದು ಮೂರು ವಾರ ಆದ ಮೇಲೆ. ಅಷ್ಟು ತಡ ಯಾಕೆ ಅಂದರೆ, ಕೋಪ ಇಳಿದ ಮೇಲೆ ದೂರು ಬರೆಯೋದು ಕಷ್ಟ. ನನಗೇನು ಬಂತು ಅನಿಸುತ್ತೆ. ರಾಜ್ಯ ಮಂಡಳಿಗೆ ಬರೆದದ್ದು ಎರಡೇ ಪ್ಯಾರಾ. ಇಂಥ ದಿನ, ಇಂಥ ಜಾಗದಲ್ಲಿ, ಇಷ್ಟು ದಿನದ ಮರಿ ಮಾರಾಟಕ್ಕಿತ್ತು, ನೋಂದಣಿ ಪತ್ರ ಕಾಣಲಿಲ್ಲ, ತಾಯಿನಾಯಿ ಸ್ಥಿತಿ ಹೀಗಿತ್ತು, ದಯವಿಟ್ಟು ಪರಿಶೀಲಿಸಿ. ದೂರು ತಲುಪಿದೆ ಅಂತ ಉತ್ತರ ಬಂತು. ಅದಕ್ಕಿಂತ ಹೆಚ್ಚು ಹೇಳೋಕೆ ಇವತ್ತಿಗೆ ನನ್ನ ಹತ್ತಿರ ಏನೂ ಇಲ್ಲ.

ಈಗ ನಿಮಗೆ ಉಪಯೋಗ ಆಗೋ ವಿಷಯಕ್ಕೆ ಬರ್ತೀನಿ. ನಿಮ್ಮ ಜಗಳ ನನ್ನಷ್ಟು ಸುಲಭವಾಗಿ ಮುಗೀದೆ ಇರಬಹುದು.

ಮೊದಲು, ಜಗಳ ಯಾವ ಥರದ್ದು ಅಂತ ನೋಡಿ. ಮರಿಯೇ ಇಲ್ಲದೆ, ಬರೀ ಫೋಟೊ ತೋರಿಸಿ ಬುಕಿಂಗ್ ಹಣ, ಆಮೇಲೆ ಸಾಗಾಟದ ಹಣ, ಆಮೇಲೆ ಇನ್ಶೂರೆನ್ಸ್ ಹಣ ಅಂತ ಕೇಳ್ತಾ ಹೋದರೆ ಅದು ವ್ಯಾಪಾರದ ಜಗಳ ಅಲ್ಲ, ವಂಚನೆ. ಪತ್ರ ಬರೀತಾ ಕೂರಬೇಡಿ. ತಕ್ಷಣ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೆ ತಿಳಿಸಿ. ಅಲ್ಲಿ ಗಂಟೆಗಳ ಲೆಕ್ಕ.

ಮರಿ ಇದೆ, ಮಾರುವವನು ಇದ್ದಾನೆ, ಹಣ ಮಾತ್ರ ವಾಪಸ್ ಬರ್ತಿಲ್ಲ ಅಂದರೆ, ಮೊದಲು ಪತ್ರ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದೂ ಆಗಲಿಲ್ಲ ಅಂದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಮ್ಮಂಥ ವಲಸಿಗರಿಗೆ ಒಂದು ದೊಡ್ಡ ಅನುಕೂಲ ಮಾಡಿಕೊಟ್ಟಿದೆ. ಬ್ರೀಡರ್ ಯಾವ ಊರಲ್ಲೇ ಇರಲಿ, ನೀವು ವಾಸ ಮಾಡೋ ಅಥವಾ ಕೆಲಸ ಮಾಡೋ ಊರಲ್ಲೇ ದೂರು ಹಾಕಬಹುದು. ನೀವು ಹೈದರಾಬಾದ್‌ನಲ್ಲಿ, ಬ್ರೀಡರ್ ಬೆಂಗಳೂರಲ್ಲಿ ಇದ್ದರೂ ಹೈದರಾಬಾದ್‌ನಲ್ಲೇ ಹಾಕಿ. ಕೊಟ್ಟ ಮೊತ್ತ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. ವಕೀಲರು ಬೇಕೇಬೇಕು ಅಂತಿಲ್ಲ. ಎರಡು ವರ್ಷದ ಒಳಗೆ ಹಾಕಬೇಕು. ಆದರೆ ಇದು ವ್ಯಾಪಾರವಾಗಿ ಮಾರೋರ ಮೇಲೆ. ಪಕ್ಕದ ಮನೆಯವರ ನಾಯಿ ಮರಿ ಹಾಕಿ, ಅವರು ನಿಮಗೆ ಒಂದು ಕೊಡ್ತೀನಿ ಅಂದು ತಪ್ಪಿದರೆ ಅವರನ್ನ ಅಂಗಡಿಯವನ ಥರ ಎಳೆಯೋಕೆ ಆಗಲ್ಲ.

ಬ್ರೀಡರೇ ಕ್ಯಾನ್ಸಲ್ ಮಾಡಿದರೆ? ಹೈದರಾಬಾದ್‌ನ ನನ್ನ ಸ್ನೇಹಿತನಿಗೆ ಹಾಗಾಯ್ತು. ಲ್ಯಾಬ್ರಡಾರ್ ಬುಕ್ ಮಾಡಿದ್ದ, ಹೆಚ್ಚು ಬೆಲೆ ಕೊಡೋರು ಸಿಕ್ಕರು ಅಂತ ಇವನಿಗೆ ಇಲ್ಲ ಅಂದರು. ಆಗ ಮುಂಗಡ ಪೂರ್ತಿ ವಾಪಸ್ ಬರಬೇಕು, ಅದರಲ್ಲಿ ಎರಡು ಮಾತಿಲ್ಲ. ಕರಾರು ಮುರಿದಿದ್ದರಿಂದ ಸಹಜವಾಗಿ ಆದ ನಷ್ಟವನ್ನೂ ಕೇಳಬಹುದು. ಇನ್ನೊಂದು ತಮಾಷೆ ಹೇಳ್ತೀನಿ. ಕಾನೂನಿನ ಕಣ್ಣಲ್ಲಿ ನಾಯಿ ಒಂದು ಸರಕು. 1930ರ ಸರಕು ಮಾರಾಟ ಕಾಯ್ದೆಯ 58ನೇ ಕಲಮಿನ ಪ್ರಕಾರ, ಗೊತ್ತುಮಾಡಿದ ಅದೇ ಸರಕನ್ನ ಕೊಡಿಸಿ ಅಂತ ನ್ಯಾಯಾಲಯವನ್ನ ಕೇಳಬಹುದು, ಕೊಡಿಸೋದು ಬಿಡೋದು ನ್ಯಾಯಾಲಯಕ್ಕೆ ಬಿಟ್ಟದ್ದು. ಕೇಳಿ ನೋಡಿ. ತೀರ್ಪು ಬರೋ ಹೊತ್ತಿಗೆ ನಿಮ್ಮ ಮರಿ ಅಜ್ಜ ಆಗಿರುತ್ತೆ. ನಾಯಿಯ ಗಡಿಯಾರ ಕೋರ್ಟಿನ ಗಡಿಯಾರಕ್ಕಿಂತ ಬೇಗ ಓಡುತ್ತೆ. ಅದಕ್ಕೇ ಈ ಜಗಳಗಳಲ್ಲಿ ಹಣ ಕೇಳಬಹುದು, ಮರಿ ಕೇಳೋದು ಕಷ್ಟ.

ಎಲ್ಲಕ್ಕಿಂತ ಮೇಲು, ಜಗಳವೇ ಬರದ ಹಾಗೆ ನೋಡ್ಕೊಳ್ಳೋದು. ಹಣ ಕಳಿಸೋ ಮುಂಚೆ ಐದು ಸಾಲು ಬರೆದು ಕಳಿಸಿ, "ಒಪ್ಪಿಗೆ" ಅಂತ ಉತ್ತರ ತಗೊಳ್ಳಿ. ಮರಿ ಹುಟ್ಟಿದ ದಿನ, ಕೈಗೆ ಕೊಡೋ ದಿನ, ಅದು ಎಂಟು ವಾರದ ನಂತರ. ಈ ಹಣ ಮುಂಗಡ ಹೌದೋ ಸಂಚಕಾರ ಹೌದೋ. ನಾನು ಬೇಡ ಅಂದರೆ ಎಷ್ಟು ಕಡಿತ, ನೀವು ತಪ್ಪಿದರೆ ಎಷ್ಟು ವಾಪಸ್. ಎತ್ತಿಕೊಳ್ಳೋ ದಿನ ಮರಿಗೆ ಹುಷಾರಿಲ್ಲ ಅಂದರೆ ಏನು. ನೋಂದಣಿ ಸಂಖ್ಯೆ ಎಷ್ಟು. ಈ ಐದಕ್ಕೆ ಸಿಟ್ಟಾಗೋ ಬ್ರೀಡರ್ ಹತ್ತಿರ ಮರಿ ತಗೋಬೇಡಿ. ವಿಡಿಯೊ ನೋಡಿ ಹಣ ಕಳಿಸಬೇಡಿ, ಹೋಗಿ ತಾಯಿ ನಾಯಿಯನ್ನ ನೋಡಿ. ಮಗುವನ್ನ ಮೊದಲ ಭೇಟಿಗೆ ಕರ್ಕೊಂಡು ಹೋಗಬೇಡಿ. ಮತ್ತೆ ದಯವಿಟ್ಟು, ಬಾಡಿಗೆ ಕರಾರು ಮೊದಲು ಓದಿ.

ಬ್ರೀಡರ್‌ಗಳೆಲ್ಲ ಕೆಟ್ಟವರಾ ಅಂತ ಒಬ್ಬರು ಆಗಲೇ ಕೇಳಿದರು. ಅಲ್ಲ. ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳದ ಕಡೆ ನಾಯಿ ಸಾಕಿ ಮಾರಿ ಜೀವನ ಮಾಡೋ ಮನೆತನಗಳಿವೆ. 2005ರಲ್ಲಿ ಮುಧೋಳ ನಾಯಿಯ ಅಂಚೆಚೀಟಿಯೇ ಬಂದಿದೆ. ಹತ್ತಿರದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ. ಒಳ್ಳೆಯವರನ್ನ ಗುರುತಿಸೋಕೆ ನನಗೆ ಗೊತ್ತಿರೋ ಸುಲಭ ದಾರಿ ಒಂದೇ. ಅವರು ನಿಮ್ಮನ್ನ ಪ್ರಶ್ನೆ ಕೇಳ್ತಾರೆ. ಮನೆ ಎಷ್ಟು ದೊಡ್ಡದು, ಹಗಲು ಯಾರಿರ್ತಾರೆ, ಓನರ್ ಒಪ್ಪಿದ್ದಾರಾ ಅಂತ. ನನ್ನನ್ನ ಯಾರಾದರೂ ಮೊದಲೇ ಹೀಗೆ ಕೇಳಿದ್ದರೆ ಈ ಕಥೆ ಹುಟ್ಟುತ್ತಲೇ ಇರಲಿಲ್ಲ.

ಮಗಳಿಗೆ ಕೊನೆಗೆ ನಿಜ ಹೇಳಿದೆ. ಲಾಡು ಬೇರೆಯವರ ಮನೆಗೆ ಹೋಯ್ತು ಅಂತ. ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಕೇಳಿದ್ದು ಲಾಡು ವಿಷಯ ಅಲ್ಲ. "ಅಪ್ಪಾ, ಅದರ ಅಮ್ಮ ಇನ್ನೂ ಅಲ್ಲೇ ಮಲಗಿದೆಯಾ?"

ಆ ರಾತ್ರಿಯೇ ನಾನು ದೂರಿನ ಎರಡು ಪ್ಯಾರಾ ಬರೆದದ್ದು.

ಈ ಜೂನ್‌ನಲ್ಲಿ ಮನೆ ಬದಲಾಯಿಸ್ತಿದ್ದೀವಿ. ಹೊಸ ಅಗ್ರಿಮೆಂಟ್‌ನಲ್ಲಿ ಸಾಕುಪ್ರಾಣಿ ಇಡಬಹುದು ಅಂತ ಬರೆಸಿದ್ದೀನಿ. ನಾಯಿ ತರ್ತೀವಾ, ಎಲ್ಲಿಂದ ತರ್ತೀವಿ, ಇನ್ನೂ ತೀರ್ಮಾನ ಆಗಿಲ್ಲ. ಈ ಸಲ ಯಾರಿಗೂ ಮುಂಗಡ ಕೊಟ್ಟಿಲ್ಲ.

ಪ್ರಶ್ನೆ ಇದ್ದರೆ ಹೊರಗೆ ಚಹಾ ಕುಡೀತಾ ಮಾತಾಡೋಣ.